ಹಿರೇಗುಂಟನೂರಿನಿಂದ ಮಾರಿಕಣಿವೆಗೆ ಸೈಕಲ್ ದಾರಿ



ಸೈಕಲ್ಲಿನಲ್ಲಿ ಬೆಟ್ಟ ಹತ್ತುವ ಮಾತು ಬಂದರೆ ಜನ ಆಗುಂಬೆ, ಚಾರ್ಮಾಡಿ, ಮುಳ್ಳಯ್ಯನಗಿರಿ ಎನ್ನುತ್ತಾರೆ. ಇನ್ನೂ ಉತ್ಸಾಹ ಇದ್ದವರು 2008ರಲ್ಲಿ ಶುರುವಾದ ‘ಟೂರ್ ಆಫ್ ನೀಲ್‌ಗಿರೀಸ್’ಗೆ ಹೆಸರು ಕೊಟ್ಟು ಊಟಿಯ ಕಡೆ ಮುಖ ಮಾಡುತ್ತಾರೆ. ಚಿತ್ರದುರ್ಗದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನಮ್ಮ ಜಿಲ್ಲೆ ಎಂದರೆ ಬರ, ಬಿಸಿಲು, ಕೋಟೆ, ಒನಕೆ ಓಬವ್ವ, ಅಲ್ಲಿಗೆ ಮುಗಿಯಿತು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಕಾಣುವುದೂ ಅಷ್ಟೇ: ಬಯಲು, ನಡುನಡುವೆ ಬಂಡೆ, ದೂರದಲ್ಲಿ ತಿರುಗುವ ಗಾಳಿಯಂತ್ರ. ಆ ಗಾಳಿಯಂತ್ರಗಳು ನಿಂತಿರುವುದು ಯಾವುದರ ಮೇಲೆ ಎಂದು ಕೇಳಿದವರು ಕಡಿಮೆ.

ಅದೊಂದು ಗುಡ್ಡಸಾಲು. ವಾಯವ್ಯದಿಂದ ಆಗ್ನೇಯಕ್ಕೆ ಜಿಲ್ಲೆಯನ್ನು ಸೀಳಿಕೊಂಡು ಹೋಗಿದೆ. ಹೊಳಲ್ಕೆರೆ, ಚಿತ್ರದುರ್ಗ, ಹೊಸದುರ್ಗ, ಹಿರಿಯೂರು ನಾಲ್ಕೂ ತಾಲ್ಲೂಕುಗಳಿಗೆ ಇದರ ಪಾಲು ಸಿಕ್ಕಿದೆ. ಭೂವಿಜ್ಞಾನಿಗಳು ಇದನ್ನು ಗದಗದಿಂದ ಶ್ರೀರಂಗಪಟ್ಟಣದವರೆಗೆ ನಾನೂರು ಕಿಲೋಮೀಟರಿಗೂ ಮೀರಿ ಹರಡಿದ ‘ಚಿತ್ರದುರ್ಗ ಶಿಲಾಪಟ್ಟಿ’ಯ ಭಾಗ ಎನ್ನುತ್ತಾರೆ. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಇದರ ಮುಂದೆ ಹಿಮಾಲಯ ನಿನ್ನೆ ಮೊನ್ನೆ ಹುಟ್ಟಿದ್ದು. ಇಷ್ಟು ಕಾಲ ಮಳೆ ಗಾಳಿಗೆ ಸವೆದದ್ದರಿಂದ ನಮ್ಮ ಗುಡ್ಡಗಳು ಎತ್ತರವಾಗಿಲ್ಲ. ಆದರೆ ಸೈಕಲ್ ತುಳಿಯುವವನು ಎತ್ತರ ಇಲ್ಲವೆಂದು ಹಗುರವಾಗಿ ಹೊರಟರೆ ಕೆಟ್ಟ. ಆಗುಂಬೆಯಲ್ಲಿ ಒಂದೇ ಉದ್ದನೆಯ ಏರು, ಉಸಿರಿಗೆ ಒಂದು ಲಯ ಸಿಗುತ್ತದೆ. ಇಲ್ಲಿ ಏರು, ಇಳಿವು, ಮತ್ತೆ ಏರು. ಲಯ ಹಿಡಿಯುವಷ್ಟರಲ್ಲಿ ಊರು ಬಂತು, ಊರಿನ ಜೊತೆಗೆ ಹಂಪ್ ಬಂತು, ಹಂಪಿನ ಜೊತೆಗೆ ನಾಯಿ ಬಂತು.

ನಾನು ಹೇಳಹೊರಟಿರುವುದು ಒಂದು ಸುತ್ತಿನ ದಾರಿ. ಚಿತ್ರದುರ್ಗದಿಂದ ಹಿರೇಗುಂಟನೂರು, ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗ, ಅಲ್ಲಿಂದ ಮಾರಿಕಣಿವೆ, ಹಿರಿಯೂರು, ಮತ್ತೆ ದುರ್ಗ. ನೂರೆಂಬತ್ತು ಕಿಲೋಮೀಟರಿನ ಆಸುಪಾಸು. ಹಳ್ಳಿ ದಾರಿಯಲ್ಲಿ ಕೇಳಿ ತಿಳಿದು ತಪ್ಪಿ ತಿರುಗಿದ್ದೂ ಸೇರಿದರೆ ಇನ್ನೂರಕ್ಕೆ ಹತ್ತಿರ. ದೂರದ ಸವಾರಿ ಮಾಡುವವರಲ್ಲಿ ‘ಬ್ರೆವೆ’ ಎನ್ನುವ ಫ್ರೆಂಚ್ ಪದ್ಧತಿಯೊಂದಿದೆ, ಬೆಂಗಳೂರಿನಲ್ಲೂ ನಡೆಯುತ್ತದೆ. ಅದು ಪಂದ್ಯವಲ್ಲ, ಮೊದಲು ಬಂದವನಿಗೆ ಬಹುಮಾನವಿಲ್ಲ. ಇನ್ನೂರು ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿದರೆ ಸಾಕು. ಆ ಲೆಕ್ಕದಲ್ಲಿ ನಮ್ಮ ನಾಲ್ಕು ತಾಲ್ಲೂಕಿನ ಸುತ್ತು ಒಂದು ಹಗಲಿನ ಕೆಲಸ. ನನ್ನನ್ನು ಕೇಳಿದರೆ ಎರಡು ದಿನ ಮಾಡಿ ಎನ್ನುತ್ತೇನೆ. ಓಡಿಸಿಕೊಂಡು ಹೋದರೆ ನೋಡಿದ್ದೆಲ್ಲ ಮುಂದಿನ ಗಾಲಿ ಮಾತ್ರ.

ಹೊರಡುವ ಮೊದಲು ಗಾಳಿಯ ಮಾತು. ಇಲ್ಲಿ ಏರಿಗಿಂತ ದೊಡ್ಡ ಬೆಟ್ಟ ಗಾಳಿಯೇ. ಲೆಕ್ಕ ಹಾಕಿ ನೋಡಿ. ಸೈಕಲ್ಲೂ ಸೇರಿ 85 ಕಿಲೋ ತೂಗುವ ಮನುಷ್ಯ, ನೂರು ಮೀಟರಿಗೆ ಐದು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು 115 ವ್ಯಾಟ್ ಶಕ್ತಿ ಬೇಕು. ಹಳೆಯ ಕಾಲದ ಅರವತ್ತು ವ್ಯಾಟಿನ ಬಲ್ಬುಗಳು ಎರಡು. ಅದೇ ಮನುಷ್ಯ ಸಮತಟ್ಟು ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಹೋಗುವಾಗ ಎದುರಿನಿಂದ ಇಪ್ಪತ್ತರ ವೇಗದ ಗಾಳಿ ಬೀಸಿದರೆ, ಗಾಳಿ ಸೀಳುವುದಕ್ಕೇ ಸುಮಾರು 160 ವ್ಯಾಟ್ ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದು ಇದಕ್ಕೆ ಕಾರಣ. ಏರಿಗಾದರೆ ನೆತ್ತಿ ಎಂಬುದೊಂದಿದೆ, ಅಲ್ಲಿ ಮುಗಿಯುತ್ತದೆ. ಗಾಳಿಗೆ ನೆತ್ತಿಯಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಹಿಡಿದರೆ ನಮ್ಮಲ್ಲಿ ಬಿಡುವಿಲ್ಲ. ಮಳೆಯನ್ನು ಮಲೆನಾಡಿನಲ್ಲೇ ಸುರಿದು, ಬರಿಗಾಳಿಯನ್ನು ಇತ್ತ ಕಳಿಸುವ ಮಳೆಗಾಲ ನಮ್ಮದು. ದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದಲ್ಲಿ ಒಂದು ಸಂಜೆ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಗಾಳಿಗಾಗಿಯೇ ಗುಡ್ಡದ ನೆತ್ತಿಗಳ ಮೇಲೆ ಸಾಲುಸಾಲಾಗಿ ಯಂತ್ರಗಳು ಬಂದವು. ಸೈಕಲ್ ಸವಾರನಿಗೆ ಅವುಗಳಿಂದ ಒಂದು ಪುಕ್ಕಟೆ ಉಪಕಾರವಿದೆ. ಗಾಳಿಯಂತ್ರದ ರೆಕ್ಕೆಗಳು ಯಾವಾಗಲೂ ಗಾಳಿಗೆ ಮುಖ ಕೊಟ್ಟು ತಿರುಗುತ್ತವೆ. ನೀವು ಹೋಗುತ್ತಿರುವ ದಿಕ್ಕಿನಲ್ಲಿರುವ ಯಂತ್ರ ನಿಮ್ಮ ಕಡೆ ಮುಖ ಮಾಡಿದ್ದರೆ ಗಾಳಿ ನಿಮ್ಮ ಬೆನ್ನಿಗಿದೆ, ನಿಶ್ಚಿಂತೆಯಿಂದ ತುಳಿಯಿರಿ. ಅದರ ಬೆನ್ನು ಕಂಡರೆ ಗಾಳಿ ಎದುರಿಗಿದೆ, ನೀರು ಕುಡಿದು ತಲೆ ತಗ್ಗಿಸಿ ಹೊರಡಿ. ಹವಾಮಾನದ ಆ್ಯಪ್ ಬೇಡ, ಕತ್ತೆತ್ತಿದರೆ ಸಾಕು.

ಆದ್ದರಿಂದಲೇ ನಾನು ಹೇಳಿದ ಸುತ್ತನ್ನು ಹೇಳಿದ ಕ್ರಮದಲ್ಲೇ ಮಾಡಬೇಕು. ದುರ್ಗದಿಂದ ಹೊಳಲ್ಕೆರೆವರೆಗೆ ಮುಖ ಪಡುವಣಕ್ಕೆ. ಈ ಭಾಗವನ್ನು ಬೆಳಗಿನ ಜಾವ, ನೆಲದ ಹತ್ತಿರ ಗಾಳಿ ಇನ್ನೂ ಎದ್ದಿರದ ಹೊತ್ತಿನಲ್ಲಿ ಮುಗಿಸಬೇಕು. ಹೊಸದುರ್ಗದಿಂದ ಮಾರಿಕಣಿವೆ ಕಡೆಗೆ ತಿರುಗುವಾಗ ಹೊತ್ತೇರಿ ಗಾಳಿ ಜೋರಾಗಿರುತ್ತದೆ, ಆದರೆ ಅದು ಬೆನ್ನಿಗಿರುತ್ತದೆ. ಉಲ್ಟಾ ಹೋದವರು ಮಧ್ಯಾಹ್ನ ಹೊಸದುರ್ಗ ರಸ್ತೆಯಲ್ಲಿ ಸೈಕಲ್ ತಳ್ಳುವುದನ್ನು ಕಂಡಿದ್ದೇನೆ.

ಹಿರೇಗುಂಟನೂರು ಚಿತ್ರದುರ್ಗ ತಾಲ್ಲೂಕಿನ ಒಂದು ಹೋಬಳಿ. ಬಯಲುಸೀಮೆ ಎಲ್ಲಿ ಮುಗಿದು ಅರೆಮಲೆನಾಡು ಎಲ್ಲಿ ಶುರುವಾಗುತ್ತದೆ ಎಂದು ನೋಡಬೇಕಾದರೆ ಈ ಹೋಬಳಿಯಲ್ಲಿ ಸೈಕಲ್ ತುಳಿಯಬೇಕು. ಒಂದು ಗುಡ್ಡದ ಈ ಬದಿಗೆ ಮೆಕ್ಕೆಜೋಳ, ಈರುಳ್ಳಿ, ಬಳ್ಳಾರಿ ಜಾಲಿ. ಆ ಬದಿಗೆ ಇಳಿದರೆ ಅಡಿಕೆ ತೋಟ, ಕೆರೆಯ ತಂಪು. ಭೀಮಸಮುದ್ರದ ಹೆಸರು ಅಡಿಕೆ ವ್ಯಾಪಾರದವರಿಗೆಲ್ಲ ಗೊತ್ತು. ಕಾರಿನಲ್ಲಿ ಹೋದವರಿಗೆ ಇದು ಹಸಿರಾಗಿ ಕಂಡೀತು. ಸೈಕಲ್ಲಿನಲ್ಲಿ ಹೋದವರಿಗೆ ಬಿಸಿಗಾಳಿ ತಂಪಾದದ್ದು ಮೊದಲು ಮುಖಕ್ಕೆ, ಆಮೇಲೆ ಕಣ್ಣಿಗೆ ತಿಳಿಯುತ್ತದೆ.

ಬಳ್ಳಾರಿ ಜಾಲಿ ಎಂದೆನಲ್ಲ, ಅದಕ್ಕೆ ಎರಡು ಮಾತು ಸಲ್ಲಬೇಕು. ಬೇಲಿಗೆಂದು ಕಡಿದು ಎಳೆದೊಯ್ದ ದಾರಿಯಲ್ಲೆಲ್ಲ ಮುಳ್ಳು ಉದುರಿರುತ್ತದೆ. ತೆಳುವಾದ ರೇಸ್ ಟೈರು ಹಾಕಿಕೊಂಡು ಬಂದವರಿಗೆ ಇದರಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಎರಡು ಟ್ಯೂಬು, ಪ್ಯಾಚು, ಕೈಪಂಪು ಇಲ್ಲದೆ ಈ ದಾರಿಗೆ ಇಳಿಯಬೇಡಿ. ಪಂಕ್ಚರ್ ಆದಾಗ ಹೊಸ ಟ್ಯೂಬು ಕೂರಿಸುವ ಮುನ್ನ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕಿ ತೆಗೆಯಿರಿ. ಅದು ಅಲ್ಲೇ ಮುರಿದುಕೊಂಡು ಕೂತಿರುತ್ತದೆ, ಎರಡನೆಯ ಟ್ಯೂಬಿಗೂ ಕಾದಿರುತ್ತದೆ. ಹಳ್ಳಿಯ ಪಂಕ್ಚರ್ ಅಂಗಡಿಯವರು ಈ ವಿಷಯದಲ್ಲಿ ನಮಗಿಂತ ಬಲ್ಲವರು. ರಿಮ್ಮಿನ ಔಟ್ ತೆಗೆಯುವುದರಲ್ಲಂತೂ ಪೇಟೆಯ ದೊಡ್ಡ ಅಂಗಡಿಗಳು ಅವರ ಹತ್ತಿರ ಬರಲಾರವು.

ಭೀಮಸಮುದ್ರದ ಸುತ್ತಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಅದಿರಿದ್ದಲ್ಲಿ ಲಾರಿಯಿದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಜೊತೆಗೆ ನಮ್ಮ ಜಿಲ್ಲೆಯಲ್ಲೂ ತುಮಕೂರಿನಲ್ಲೂ ಗಣಿಗಾರಿಕೆ ನಿಲ್ಲಿಸಿತ್ತು. ಆಮೇಲೆ ಷರತ್ತುಗಳ ಮೇಲೆ ಮತ್ತೆ ಶುರುವಾಯಿತು. ಲಾರಿ ಓಡುವ ದಿನಗಳಲ್ಲಿ ರಸ್ತೆ ಬದಿಯ ಎಲೆ, ಗೋಡೆ, ಎಮ್ಮೆಯ ಬೆನ್ನು ಎಲ್ಲಕ್ಕೂ ಒಂದೇ ಬಣ್ಣ. ಒಣ ಕಾಲದಲ್ಲಿ ಕೆಂಪು ಧೂಳು ಕಣ್ಣಿಗೆ, ಮಳೆ ಬಂದರೆ ಅದೇ ಧೂಳು ಜಾರುವ ರಾಡಿ. ತಿರುವಿನಲ್ಲಿ ಚೆಲ್ಲಿದ ಅದಿರಿನ ಪುಡಿಯ ಮೇಲೆ ಮುಂದಿನ ಬ್ರೇಕು ಹಿಡಿದರೆ ಬೀಳುವುದು ಖಂಡಿತ. ಇಳಿಜಾರಿನಲ್ಲಿ ತಿರುವಿಗೆ ಮೊದಲೇ, ಸೈಕಲ್ಲು ನೆಟ್ಟಗಿರುವಾಗಲೇ ವೇಗ ಇಳಿಸಬೇಕು, ತಿರುವಿನೊಳಗೆ ಬ್ರೇಕು ಮುಟ್ಟಬಾರದು. ಬ್ರೇಕನ್ನು ಒಂದೇ ಸಮ ಅದುಮಿಕೊಂಡು ಇಳಿಯುವುದೂ ತಪ್ಪು, ರಿಮ್ಮು ಕಾಯುತ್ತದೆ. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ಭಾನುವಾರ ಬೆಳಗ್ಗೆ ಲಾರಿ ಕಡಿಮೆ. ಗೊತ್ತಿದ್ದವರು ಆ ದಿನವನ್ನೇ ಆರಿಸಿಕೊಳ್ಳುತ್ತಾರೆ.

ಆದರೆ ಭಾನುವಾರವನ್ನು ಆರಿಸಿಕೊಳ್ಳಲಾಗದ ಸವಾರರೂ ಇಲ್ಲಿದ್ದಾರೆ. ಈ ಮಾತಿಗೆ ಬರಲೆಂದೇ ನಾನು ಇಷ್ಟು ದಾರಿ ತುಳಿದದ್ದು. ಹೋಬಳಿಯ ರಸ್ತೆಗಳಲ್ಲಿ ವಾರದ ಆರು ದಿನವೂ ಗುಡ್ಡ ಹತ್ತಿ ಇಳಿಯುವವರು ಹೆಲ್ಮೆಟ್ಟು ಹಾಕಿದ ನಮ್ಮಂಥವರಲ್ಲ, ಹೈಸ್ಕೂಲು ಮಕ್ಕಳು. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ಲು ಕೊಡತೊಡಗಿತು. ಕೋವಿಡ್ ಕಾಲದಲ್ಲಿ ಅದು ನಿಂತದ್ದು ನಿಮಗೆಲ್ಲ ಗೊತ್ತು. ಆ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ಆಡಿಕೊಂಡವರು ಬಹಳ. ಚೈನು ಬಿಡುತ್ತಿತ್ತು, ಕ್ಯಾರಿಯರ್ ಅಲುಗುತ್ತಿತ್ತು, ನಿಜ. ಆದರೆ ಏಳನೇ ತರಗತಿಯವರೆಗೆ ಮಾತ್ರ ಶಾಲೆಯಿದ್ದ ಊರುಗಳಿಂದ ಹೆಣ್ಣುಮಕ್ಕಳು ಪಕ್ಕದ ಊರಿನ ಹೈಸ್ಕೂಲಿಗೆ ಗುಂಪಾಗಿ ಹೋಗಿ ಬಂದದ್ದು ಆ ಸೈಕಲ್ಲಿನ ಮೇಲೆಯೇ. ಏರು ಬಂದರೆ ಇಳಿದು ತಳ್ಳುತ್ತಾ ಮಾತು ಮುಂದುವರಿಸುವರು, ನೆತ್ತಿ ಮುಟ್ಟಿದ ಮೇಲೆ ಹತ್ತಿ ಒಂದೇ ಗುಕ್ಕಿಗೆ ಇಳಿಯುವರು. ಇಪ್ಪತ್ತೆರಡು ಗೇರಿನ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತಾ ಹತ್ತುವವನನ್ನು ನೋಡಿ ನಗುವ ಹಕ್ಕು ಅವರಿಗಿದೆ. ನಕ್ಕಿದ್ದಾರೆ ಕೂಡ.

ಗೇರಿನ ವಿಷಯ ಬಂದದ್ದರಿಂದ ಒಂದು ಕಥೆ. ಫ್ರಾನ್ಸಿನ ‘ಟೂರ್ ದ ಫ್ರಾನ್ಸ್’ ಶುರುವಾದದ್ದು 1903ರಲ್ಲಿ. 1910ರಲ್ಲಿ ಅದು ಪಿರನೀಸ್ ಪರ್ವತದ ಎತ್ತರದ ಕಣಿವೆಗಳನ್ನು ಹತ್ತಿತು. ಆ ಪಂದ್ಯದ ಸ್ಥಾಪಕ ಆನ್ರಿ ದೆಗ್ರಾಂಜ್‌ಗೆ ಗೇರು ಬದಲಿಸುವ ಸಲಕರಣೆ ಕಂಡರಾಗುತ್ತಿರಲಿಲ್ಲ. ಅದು ಮುದುಕರಿಗೆ, ಕಾಲಿನಲ್ಲಿ ಬಲ ಇದ್ದವನಿಗೆ ಏಕೆ ಎನ್ನುವ ಧೋರಣೆ ಆತನದು. ಹಾಗಾಗಿ 1937ರವರೆಗೂ ಆ ಪಂದ್ಯದಲ್ಲಿ ಅದಕ್ಕೆ ಅವಕಾಶ ಸಿಗಲಿಲ್ಲ. ನಮ್ಮ ಹಾಲಿನ ಕ್ಯಾನಿನವರು, ಅಂಚೆಯಣ್ಣಂದಿರು, ಐಸ್ ಕ್ಯಾಂಡಿ ಪೆಟ್ಟಿಗೆ ಕಟ್ಟಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋಗುತ್ತಿದ್ದವರು ಅಟ್ಲಾಸ್, ಹರ್ಕ್ಯುಲೀಸ್‌ನ ಒಂದೇ ಗೇರಿನಲ್ಲಿ ಕಣಿವೆ ದಾಟಿದವರು. ದೆಗ್ರಾಂಜ್ ಇವರನ್ನು ಕಂಡಿದ್ದರೆ ಖುಷಿಪಡುತ್ತಿದ್ದ. ನಾನಂತೂ ಗೇರಿನ ಪರ. ಮೊಣಕಾಲು ಒಂದು ಸಲ ಹೋದರೆ ಹೋದಂತೆಯೇ. ಏರಿನಲ್ಲಿ ಸಣ್ಣ ಗೇರು ಹಾಕಿ ಬೇಗ ಬೇಗ ತುಳಿಯುವುದೇ ಸರಿ.

ಹೊಳಲ್ಕೆರೆಯಲ್ಲಿ ಇಳಿಯಬೇಕಾದ್ದು ಬಯಲು ಗಣಪತಿಯ ಮುಂದೆ. ಸೂರಿಲ್ಲದೆ ಬಿಸಿಲು ಮಳೆಗೆ ಕೂತ ಗಣಪ. ಬೆಳಗಿನಿಂದ ಅದೇ ಬಿಸಿಲಿನಲ್ಲಿ ಬಂದವನಿಗೆ ತನ್ನವನೆನಿಸುತ್ತಾನೆ. ಸುತ್ತ ಅಂಗಡಿಗಳಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಂಡಕ್ಕಿ ಹಗುರ, ತಿಂದು ತುಳಿಯಬಹುದು. ಬಜ್ಜಿ ಬೇಡ ಎಂದು ಹೇಳಬೇಕು, ಹೇಳುತ್ತಿದ್ದೇನೆ. ಬಿಡುವಿದ್ದವರು ಇದೇ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ಹೋಗಿ ಬರಬಹುದು. ‘ತಿರುಕ’ ಎಂದು ಹೆಸರಾದ ರಾಘವೇಂದ್ರ ಸ್ವಾಮೀಜಿ ಅಲ್ಲಿ ಅನಾಥಸೇವಾಶ್ರಮ ಕಟ್ಟಿ, ತಲೆಮಾರುಗಳಿಗೆ ವ್ಯಾಯಾಮ, ಯೋಗ ಕಲಿಸಿ 1996ರಲ್ಲಿ ತೀರಿಕೊಂಡರು. ಹ್ಯಾಂಡಲ್ಲಿನ ಮೇಲೆ ಬಗ್ಗಿ ಬಗ್ಗಿ ನಡು ಹಿಡಿದವರಿಗೆ ಔಷಧಿ ಇರುವುದೂ ಅವರು ಕಲಿಸಿದ ಆಸನಗಳಲ್ಲೇ.

ಹೊಸದುರ್ಗದ ಕಡೆ ದಾರಿ ತೆಂಗು, ರಾಗಿ, ಸಾವೆಯ ನಡುವೆ. ಸುಗ್ಗಿಯಲ್ಲಿ ರಸ್ತೆಯೇ ಕಣ. ರಾಗಿ ತೆನೆಯ ಮೇಲೆ ಗಾಲಿ ಹೋದರೆ ಅಷ್ಟು ತೊಂದರೆಯಿಲ್ಲ. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಕತ್ತರಿಯಿಲ್ಲದೆ ಬಿಡದು. ಇದೇ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ನಾಟಕ ತಂಡ ನಾಡಿನ ಊರೂರು ತಿರುಗುತ್ತಿದೆ. ಮತ್ತೋಡು ಎನ್ನುವ ಊರು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು. ಟಿಪ್ಪು ಮಡಿದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಅಲ್ಲಿ ಗಾಜು ಕಾಯಿಸುವ ಬಗೆಯನ್ನು ಬರೆದಿಟ್ಟಿದ್ದಾನೆ. ಅಷ್ಟು ಕಣ್ಣಿಟ್ಟು ನೋಡಲು ಆತನಿಗೆ ಸಾಧ್ಯವಾದದ್ದು ನಿಧಾನಕ್ಕೆ ಹೋದದ್ದರಿಂದ.

ಹಳ್ಳಿಯ ಹೋಟೆಲಿನಲ್ಲಿ ಟೀಗೆ ನಿಂತಾಗ ಮೊದಲ ಪ್ರಶ್ನೆ ಸೈಕಲ್ಲಿನ ಬೆಲೆ. ನಿಜ ಹೇಳಿದರೆ ಯಾರೂ ನಂಬುವುದಿಲ್ಲ, ನಂಬಿದರೆ ನಿಮ್ಮ ಬುದ್ಧಿಯ ಮೇಲೆ ಅನುಮಾನ ಪಡುತ್ತಾರೆ. ಎರಡನೆಯದು ಎಲ್ಲಿಂದ ಎಲ್ಲಿಗೆ. ಆಮೇಲೆ ಒಬ್ಬ ಹಿರಿಯರು ಮೆಲ್ಲನೆ ಕೇಳಿದ್ದು ನನಗೆ ಇನ್ನೂ ಇಷ್ಟ: “ಏನಪ್ಪಾ, ಹರಕೆ ಗಿರಕೆ ಹೊತ್ಕಂಡಿದೀಯಾ?” ಕಾರಣವಿಲ್ಲದೆ ಯಾರೂ ಇಷ್ಟು ದೂರ ಮೈ ದಂಡಿಸುವುದಿಲ್ಲ ಎಂಬ ಆ ಲೆಕ್ಕ ತಪ್ಪೇನಲ್ಲ. ಹೌದು ಅಂದೆ. ಟೀ ದುಡ್ಡು ಕೊಡಲು ಅವರು ಬಿಡಲಿಲ್ಲ.

ಇನ್ನು ಮಾರಿಕಣಿವೆ. ಈ ಸುತ್ತಿನ ತಿರುಳು ಇದು. ಬಾಬಾಬುಡನ್‌ಗಿರಿಯ ಕಡೆಯಿಂದ ಹುಟ್ಟಿ ಬರುವ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತವೆ. ಹೊಸದುರ್ಗದ ನೆಲವನ್ನು ಹಾದು ಬರುವ ನದಿಗೆ ನಮ್ಮ ಗುಡ್ಡಸಾಲು ಅಡ್ಡ ನಿಲ್ಲುತ್ತದೆ. ನದಿ ಅದನ್ನು ಕೊರೆದು, ಎರಡು ಗುಡ್ಡಗಳ ನಡುವೆ ಇಕ್ಕಟ್ಟಾದ ಬಾಗಿಲು ಮಾಡಿಕೊಂಡು, ಹಿರಿಯೂರಿನ ಬಯಲಿಗೆ ಇಳಿದಿದೆ. ಕಣಿವೆ ಮಾರಮ್ಮ ಕಾಯುವ ಆ ಬಾಗಿಲಿಗೆ ಮೈಸೂರು ಸಂಸ್ಥಾನ 1897ರಲ್ಲಿ ಕಲ್ಲಿನ ಗೋಡೆ ಎಬ್ಬಿಸತೊಡಗಿ 1907ರಲ್ಲಿ ಮುಗಿಸಿತು. ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕವರಾಗಿದ್ದಾಗ ರಾಜ್ಯಭಾರ ನಡೆಸಿದ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಜಲಾಶಯಕ್ಕೆ ಇಟ್ಟರು. 130 ಅಡಿ ನೀರು, 30 ಟಿಎಂಸಿ. ಲೆಕ್ಕದಲ್ಲಿ ಅಷ್ಟು, ಆದರೆ ಅದು ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷದಲ್ಲಿ ಹುಟ್ಟಿ ಮುದುಕರಾದವರು ಕೋಡಿಯ ಮಾತನ್ನು ಕಥೆಯಂತೆ ಕೇಳಿದ್ದರು. ಆ ವರ್ಷ ಹಿರಿಯೂರು, ಚಳ್ಳಕೆರೆ ಕಡೆಯ ಜನ ಬುತ್ತಿ ಕಟ್ಟಿಕೊಂಡು ನೀರು ನೋಡಲು ಬಂದರು.

ಹೊಸದುರ್ಗದ ಕಡೆಯಿಂದ ಸೈಕಲ್ಲಿನಲ್ಲಿ ಬರುವವನಿಗೆ ಈ ಜಾಗ ತಾನಾಗಿ ಅರ್ಥವಾಗುತ್ತದೆ. ಬಯಲು ಕಿರಿದಾಗುತ್ತಾ ಬರುತ್ತದೆ, ಎರಡೂ ಬದಿಯ ಗುಡ್ಡ ಹತ್ತಿರ ಸರಿಯುತ್ತದೆ, ಬೆನ್ನಿಗಿದ್ದ ಗಾಳಿ ಕಣಿವೆಯ ಬಾಯಿಗೆ ಬಂದಂತೆ ಇನ್ನಷ್ಟು ಬಿರುಸಾಗಿ ದೂಡುತ್ತದೆ. ನದಿಗೆ, ಗಾಳಿಗೆ, ದಾರಿಗೆ ಮೂರಕ್ಕೂ ಇದೊಂದೇ ಸಂದು. ಅಣೆಕಟ್ಟು ಕಟ್ಟಲು ಇಂಜಿನಿಯರರು ಈ ಜಾಗವನ್ನೇ ಏಕೆ ಆರಿಸಿದರು ಎನ್ನುವುದನ್ನು ನಕ್ಷೆ ಬಿಡಿಸಿ ತೋರಿಸಬೇಕಿಲ್ಲ, ಕಾಲಿಗೇ ಗೊತ್ತಾಗುತ್ತದೆ. ದುರ್ಗದ ನಾಯಕರ ಕಾಲದಲ್ಲೂ ಈ ಸೀಮೆಯ ಬಲ ಇದ್ದದ್ದು ಇಂಥ ಇಕ್ಕಟ್ಟುಗಳಲ್ಲಿ. 1779ರಲ್ಲಿ ಹೈದರಾಲಿಗೆ ದುರ್ಗ ಸೋತದ್ದು ಹೌದು, ಆದರೆ ಅದಕ್ಕೆ ಮೊದಲು ಅವನನ್ನು ಈ ಬೆಟ್ಟಗುಡ್ಡ ಎಷ್ಟು ದಣಿಸಿತು ಎನ್ನುವುದೂ ಚರಿತ್ರೆಯಲ್ಲಿದೆ.

ಹಿರಿಯೂರು ಮುಟ್ಟಿ ತೇರುಮಲ್ಲೇಶ್ವರನಿಗೆ ಕೈಮುಗಿದ ಮೇಲೆ ಉಳಿದದ್ದು ದುರ್ಗದವರೆಗಿನ ನಲವತ್ತು ಕಿಲೋಮೀಟರ್. ಹೆದ್ದಾರಿ 48 ನೇರ, ನುಣುಪು, ವಿಶಾಲ. ಇಷ್ಟೂ ಇದ್ದು ಸೈಕಲ್ಲಿಗೆ ಇದರಷ್ಟು ನೀರಸ ದಾರಿ ಇನ್ನೊಂದಿಲ್ಲ, ಅಪಾಯದ್ದೂ ಹೌದು. ಸರ್ವಿಸ್ ರಸ್ತೆ ಇದ್ದಲ್ಲೆಲ್ಲ ಅದನ್ನೇ ಹಿಡಿಯಿರಿ. ಐಮಂಗಲದ ಆಸುಪಾಸಿನಲ್ಲಿ ಮರಡಿಹಳ್ಳಿಯ ಕಡೆ ತಿರುಗಿದರೆ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾರಸ ನೀರು ತಗುಲಿ ಹೆಪ್ಪುಗಟ್ಟಿದ್ದು ಅದು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬರದ ಸೀಮೆ ಎಂದು ಹೆಸರಾದ ನಮ್ಮ ನೆಲ ಒಂದು ಕಾಲಕ್ಕೆ ಕಡಲ ತಳ ಎನ್ನುವುದಕ್ಕೆ ಸಾಕ್ಷಿ ಹೆದ್ದಾರಿಯಿಂದ ಸ್ವಲ್ಪವೇ ಒಳಗಿದೆ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಾಡಿಗೆ ಸಾಲುಸಾಲು ಸೈಕ್ಲಿಂಗ್ ಪಟುಗಳನ್ನು ಕೊಟ್ಟಿವೆ. ಅಲ್ಲಿರುವುದು ಬಯಲು ಮತ್ತು ಬಿಸಿಲು. ನಮ್ಮಲ್ಲಿ ಅವೆರಡರ ಜೊತೆಗೆ ಗುಡ್ಡವಿದೆ, ಗಾಳಿಯಿದೆ. ದಿನಾ ಏರು ತುಳಿದು ಗಟ್ಟಿಯಾದ ಮಕ್ಕಳೂ ಇದ್ದಾರೆ. ಇಲ್ಲದಿರುವುದು ರಸ್ತೆಯ ಅಂಚಿನಲ್ಲಿ ಸೈಕಲ್ಲಿಗೊಂದು ಜಾಗ.

ಅದಕ್ಕೇ ಮೂರು ಕೋರಿಕೆ. ಲಾರಿ ಚಾಲಕ ಅಣ್ಣಂದಿರೇ, ಏರಿನಲ್ಲಿ ಸೈಕಲ್ಲು ನೇರ ಹೋಗುವುದಿಲ್ಲ, ಓಲಾಡುತ್ತದೆ. ಹಿಂದಿಕ್ಕುವಾಗ ಒಂದೂವರೆ ಮೀಟರ್ ಬಿಡಿ, ಪಕ್ಕಕ್ಕೆ ಬಂದ ಮೇಲೆ ಹಾರನ್ ಹೊಡೆಯಬೇಡಿ. ರೈತ ಬಂಧುಗಳೇ, ಒಕ್ಕಣೆಗೆ ರಸ್ತೆಯ ಒಂದು ಬದಿ ಹಿಡಿಯಿರಿ, ಇನ್ನೊಂದು ಬದಿ ಶಾಲೆಯ ಮಕ್ಕಳಿಗಿರಲಿ. ಅಂಚಿಗೆ ಇಡುವ ಕಲ್ಲುಗಳನ್ನು ಸಂಜೆ ತೆಗೆದುಬಿಡಿ. ರಸ್ತೆ ಮಾಡಿಸುವ ಅಧಿಕಾರಿಗಳೇ, ಹಿರೇಗುಂಟನೂರು, ಭೀಮಸಮುದ್ರದ ರಸ್ತೆಗಳಿಗೆ ಮುಂದಿನ ಸಲ ಡಾಂಬರು ಹಾಕುವಾಗ ಎರಡೂ ಅಂಚಿಗೆ ಒಂದೊಂದು ಮೀಟರ್ ಹೆಚ್ಚಿಗೆ ಹಾಕಿಸಿ, ಬಿಳಿ ಗೆರೆ ಎಳೆಸಿ.